ಆಡುವ ಮಗು ಕಲಿಯುತ್ತಿಲ್ಲವೇ?

(ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳ ಹೆತ್ತವರನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)



ಶಾಲೆಯಿಂದ ಮರಳಿದ ಆರು ವರ್ಷದ ಮಗುವಿನೊಡನೆ ಹೆಚ್ಚಿನ ಮನೆಗಳಲ್ಲಿ ಕೇಳಲಾಗುವ ಮೊದಲ ಪ್ರಶ್ನೆ ಯಾವುದು? 'ಇವತ್ತು ಏನು ಬರೆಸಿದರು?' ಎಂಬುದು. 'ಬರೆಸಲಿಲ್ಲ, ಹಾಡಿದೆವು, ಹುಣಸೆಬೀಜ ಎಣಿಸಿದೆವು, ಕಾರ್ಡು ಜೋಡಿಸಿದೆವು' ಎಂದು ಮಗು ಉತ್ತರಿಸಿದರೆ ಮನೆಯವರ ಮುಖ ಬಾಡುತ್ತದೆ. ಆ ಶಾಲೆಯಲ್ಲಿ ಪಾಠ ನಡೆಯುವುದಿಲ್ಲ, ಬರೇ ಆಟ ನಡೆಯುತ್ತದೆ ಎಂಬ ತೀರ್ಮಾನ ಅಂದು ರಾತ್ರಿಯೇ ಆಗಿಬಿಡುತ್ತದೆ. ಮುಂದಿನ ಜೂನ್ ಬರುವಷ್ಟರಲ್ಲಿ, ಸಾಲ ಮಾಡಿಯಾದರೂ ಸರಿ, ಪುಟ ತುಂಬಾ ಬರೆಸುವ ಇನ್ನೊಂದು ಶಾಲೆಯ ಹುಡುಕಾಟ ಆರಂಭವಾಗುತ್ತದೆ.

ಈ ತೀರ್ಮಾನ ಸರಿಯೇ? ಆರು ವರ್ಷದ ಮಗುವಿನ ಕಲಿಕೆಯನ್ನು ತುಂಬಿದ ಪುಟಗಳಿಂದ ಅಳೆಯಬಹುದೇ? ಇಂದು ನಾವು ಚರ್ಚಿಸಬಯಸುವುದು ಇದನ್ನೇ. ಯಾಕೆಂದರೆ, ಮೇಲ್ನೋಟಕ್ಕೆ ಚಿಕ್ಕದಾಗಿ ಕಾಣುವ ಈ ಪ್ರಶ್ನೆಯ ಮೇಲೆ ಒಂದು ಮಗುವಿನ ಹತ್ತು ವರ್ಷಗಳ ಶಾಲಾ ಜೀವನ ನಿಂತಿದೆ.

ಮೊದಲಾಗಿ, ಓದುವುದೆಂದರೇನು ಎಂಬುದನ್ನು ವಿಚಾರ ಮಾಡೋಣ. ಅಕ್ಷರವನ್ನು ನೋಡಿದಾಗ ಅದರ ಧ್ವನಿ ಹೊಳೆಯಬೇಕು. ಧ್ವನಿಗಳು ಕೂಡಿ ಪದವಾಗಬೇಕು. ಆ ಪದ ಮಗುವಿನ ಮನಸ್ಸಿನಲ್ಲಿ ಒಂದು ವಸ್ತುವನ್ನೋ ಒಂದು ಕ್ರಿಯೆಯನ್ನೋ ಎಬ್ಬಿಸಬೇಕು. ಈ ಮೂರೂ ನಡೆದಾಗ ಮಾತ್ರ ಅದು ಓದು. ಕಪ್ಪುಹಲಗೆಯಲ್ಲಿರುವ 'ಆನೆ' ಎಂಬ ಪದವನ್ನು ಮಗು ಐವತ್ತು ಬಾರಿ ಅಂದವಾಗಿ ನಕಲು ಮಾಡಬಲ್ಲದು. ಆದರೆ ಅದು ಚಿತ್ರ ಬಿಡಿಸುವ ಕೆಲಸ. ಸಂಶಯವಿದ್ದರೆ ಇಂದೇ ಪರೀಕ್ಷಿಸಬಹುದು. ಮಗು ಪುಟ ತುಂಬಾ ಬರೆದ ಪದವನ್ನು ಬೇರೊಂದು ಹಾಳೆಯಲ್ಲಿ, ಚಿತ್ರವಿಲ್ಲದೆ, ಬೇರೆ ಪದಗಳ ನಡುವೆ ಬರೆದು ತೋರಿಸಿರಿ. ಗುರುತಿಸಲು ಸಾಧ್ಯವಾಗದಿದ್ದರೆ ಆ ಐವತ್ತು ಸಾಲುಗಳಿಂದ ದಣಿದದ್ದು ಬೆರಳು ಮಾತ್ರ.

ಕರ್ನಾಟಕದ ಸರಕಾರಿ ಶಾಲೆಗಳಲ್ಲಿ ಈ ಸಮಸ್ಯೆಯನ್ನು ಎದುರಿಸಲು ನಡೆದ ಪ್ರಯತ್ನವೇ ನಲಿ-ಕಲಿ. ಇದು ಬೆಂಗಳೂರಿನ ಕಚೇರಿಯೊಂದರಲ್ಲಿ ಹುಟ್ಟಿದ ಯೋಜನೆಯಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಸರಕಾರಿ ಶಾಲೆಗಳ ಶಿಕ್ಷಕರು ಯುನಿಸೆಫ್‌ನ ನೆರವಿನೊಂದಿಗೆ ಇದನ್ನು ಆರಂಭಿಸಿದರು. ಆಂಧ್ರಪ್ರದೇಶದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳಲ್ಲಿ ಕಾರ್ಡುಗಳ ಮೂಲಕ ನಡೆಯುತ್ತಿದ್ದ ಕಲಿಕೆಯನ್ನು ಅವರು ಕಂಡು ಬಂದಿದ್ದರು. ತಮ್ಮ ಮಕ್ಕಳಿಗೆ, ತಮ್ಮ ಭಾಷೆಗೆ ಒಪ್ಪುವಂತೆ ಅದನ್ನು ಕನ್ನಡದಲ್ಲಿ ರೂಪಿಸಿದರು. 2009-10ರಲ್ಲಿ ಅದು ರಾಜ್ಯದ ಎಲ್ಲ ಸರಕಾರಿ ಕನ್ನಡ ಶಾಲೆಗಳ ಒಂದು ಮತ್ತು ಎರಡನೆಯ ತರಗತಿಗಳಿಗೂ, ಅನಂತರ ಮೂರನೆಯ ತರಗತಿಗೂ ವಿಸ್ತರಿಸಿತು. ಉರ್ದು ಮಾಧ್ಯಮಕ್ಕೂ ನಲಿ-ಕಲಿ ಬಂತು. ಇಷ್ಟು ವರ್ಷಗಳಲ್ಲಿ ಅದು ಪರಿಷ್ಕರಣೆಗೂ ಟೀಕೆಗೂ ಒಳಗಾಗಿದೆ. ಆದರೆ ಅದರ ಮೂಲದಲ್ಲಿರುವ ವಿಚಾರವನ್ನು ಅರ್ಥ ಮಾಡಿಕೊಳ್ಳದೆ 'ಅಲ್ಲಿ ಆಟವಾಡಿಸುತ್ತಾರೆ' ಎಂದು ತಳ್ಳಿಹಾಕುವುದು ನ್ಯಾಯವಲ್ಲ.

ಆ ವಿಚಾರವೇನು? ಒಂದು ಉದಾಹರಣೆ ನೋಡೋಣ. ನಾವೆಲ್ಲ ಅ, ಆ, ಇ, ಈ ಎಂದು ವರ್ಣಮಾಲೆಯ ಕ್ರಮದಲ್ಲಿ ಕಲಿತವರು. ಆ ಕ್ರಮ ಶಾಸ್ತ್ರೀಯವಾದುದು, ಸುಂದರವಾದುದು. ಆದರೆ ಅ, ಆ, ಇ, ಈ, ಉ, ಊ ಎಂಬ ಆರು ಅಕ್ಷರಗಳನ್ನು ಕಲಿತ ಮಗು ಅವುಗಳಿಂದ ಎಷ್ಟು ಪದಗಳನ್ನು ಓದಬಲ್ಲದು? ಹೆಚ್ಚೆಂದರೆ 'ಈ', 'ಆ' ಎಂಬಂತಹ ಒಂದೆರಡು. ಅಂದರೆ ವಾರಗಟ್ಟಲೆ ಅಕ್ಷರ ತಿದ್ದಿದ ಬಳಿಕವೂ ಓದಿನ ಸುಖ ಆ ಮಗುವಿಗೆ ಸಿಕ್ಕಿಲ್ಲ. ನಲಿ-ಕಲಿಯಲ್ಲಿ ಮಗುವಿಗೆ ಮೊದಲು ಪರಿಚಯಿಸುವ ಅಕ್ಷರಗಳು ರ, ಗ, ಸ, ದ, ಅ. ಇವು ಬರೆಯಲು ಸುಲಭ. ಕೇವಲ ಈ ಐದರಿಂದ ರಸ, ಸರ, ದರ, ಅರಸ, ಅಗಸ, ದಸರ, ಗರಗಸ ಎಂಬ ಪದಗಳನ್ನು ಕಟ್ಟಬಹುದು. ಗದಗ ಎಂಬ ಊರಿನ ಹೆಸರನ್ನೂ ಓದಬಹುದು. ಐದೇ ಅಕ್ಷರ ಕಲಿತ ಮಗು ಬಸ್ಸಿನ ಹಣೆಯ ಮೇಲಿನ ಊರಿನ ಹೆಸರನ್ನು ತಾನಾಗಿಯೇ ಓದಿತೆಂದರೆ ಅದರ ಸಂತೋಷ ಎಂಥದ್ದಿರಬಹುದು! 'ನನಗೆ ಓದಲು ಬರುತ್ತದೆ' ಎಂಬ ಧೈರ್ಯ ಆ ಮಗುವಿಗೆ ಅಲ್ಲಿಂದ ಆರಂಭವಾಗುತ್ತದೆ.

ಇನ್ನು ತರಗತಿಯ ವ್ಯವಸ್ಥೆಯನ್ನು ನೋಡಿರಿ. ಮಕ್ಕಳು ಸಾಲಾಗಿ ಬೆಂಚಿನಲ್ಲಿ ಕೂರದೆ ನೆಲದ ಮೇಲೆ ಐದು ಗುಂಪುಗಳಲ್ಲಿ ಕೂರುತ್ತಾರೆ. ಒಂದು ಗುಂಪಿಗೆ ಶಿಕ್ಷಕಿಯ ಪೂರ್ಣ ಸಹಾಯವಿದೆ; ಅಲ್ಲಿ ಹೊಸ ಅಕ್ಷರದ ಪರಿಚಯ ನಡೆಯುತ್ತದೆ. ಇನ್ನೊಂದಕ್ಕೆ ಭಾಗಶಃ ಸಹಾಯ. ಮತ್ತೆರಡು ಗುಂಪುಗಳಲ್ಲಿ ಮಕ್ಕಳು ಸಹಪಾಠಿಗಳ ನೆರವಿನಿಂದ ಅಭ್ಯಾಸ ಮಾಡುತ್ತಾರೆ. ಕೊನೆಯ ಗುಂಪು ಸ್ವಂತವಾಗಿ ಕಲಿಯುತ್ತದೆ. ಗೋಡೆಯಲ್ಲಿ ಕಲಿಕಾ ಏಣಿಯ ಚಿತ್ರವಿರುತ್ತದೆ. ಅದರಲ್ಲಿ ಪ್ರತಿಯೊಂದು ಮೆಟ್ಟಿಲಿಗೂ ಒಂದು ಗುರುತು, ಆ ಗುರುತಿಗೆ ಒಂದು ಕಾರ್ಡು. ತಾನು ಯಾವ ಮೆಟ್ಟಿಲಲ್ಲಿದ್ದೇನೆ, ಮುಂದೆ ಯಾವ ಕಾರ್ಡನ್ನು ತೆಗೆಯಬೇಕು ಎಂಬುದು ಮಗುವಿಗೇ ತಿಳಿದಿರುತ್ತದೆ. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆಟಕುವ ಎತ್ತರದಲ್ಲಿ ಕಪ್ಪುಹಲಗೆಯಿದೆ. ತಲೆಯ ಮೇಲೆ ಕಟ್ಟಿದ ಚಪ್ಪರದಲ್ಲಿ ಅವರ ಚಿತ್ರಗಳು, ಬರಹಗಳು ತೂಗುತ್ತಿರುತ್ತವೆ.

'ಮೂರನೆಯ ತರಗತಿಯ ನಮ್ಮ ಮಗುವನ್ನು ಒಂದನೆಯದರ ಜೊತೆ ಕೂರಿಸುತ್ತಾರೆ' ಎಂಬ ದೂರು ಹೆತ್ತವರಲ್ಲಿದೆ. ಇದರ ಇನ್ನೊಂದು ಮುಖವನ್ನೂ ನೋಡಬೇಕು. ಮಗುವಿಗೆ ಎರಡು ವಾರ ಜ್ವರ ಬಂತೆಂದು ಭಾವಿಸಿರಿ. ಅಥವಾ ಕುಟುಂಬವು ಮದುವೆಗೆಂದು, ಕೆಲಸಕ್ಕೆಂದು ಬೇರೆ ಊರಿಗೆ ಹೋಗಿ ಬಂತೆಂದು ಭಾವಿಸಿರಿ. ಎಲ್ಲರೂ ಒಂದೇ ಪುಟವನ್ನು ಓದುವ ತರಗತಿಯಲ್ಲಿ ಆ ಎರಡು ವಾರದ ಪಾಠ ಕಳೆದುಹೋಯಿತು. ತರಗತಿ ಮುಂದೆ ಹೋಗಿದೆ, ಮಗು ಹಿಂದೆ ಉಳಿದಿದೆ, ಹಿಂದೆ ಉಳಿದ ಮಗು ಮೌನವಾಗುತ್ತದೆ. ಏಣಿಯ ಪದ್ಧತಿಯಲ್ಲಾದರೋ ಆ ಮಗು ಬಿಟ್ಟ ಮೆಟ್ಟಿಲಿಗೇ ಮರಳುತ್ತದೆ. ಇನ್ನೊಬ್ಬರಿಗೆ ಕಲಿಸುವ ದೊಡ್ಡ ಮಗುವೂ ತಾನು ಕಲಿತದ್ದನ್ನು ಗಟ್ಟಿ ಮಾಡಿಕೊಳ್ಳುತ್ತದೆ.

ಗಣಿತದ ವಿಷಯವೂ ಹೀಗೆಯೇ. ನೂರರವರೆಗೆ ತಡವರಿಸದೆ ಒಪ್ಪಿಸುವ ಮಗುವನ್ನು ಕಂಡು ನಾವು ಹೆಮ್ಮೆಪಡುತ್ತೇವೆ. ಆದರೆ 17 ದೊಡ್ಡದೋ 71 ದೊಡ್ಡದೋ ಎಂದು ಅದೇ ಮಗುವಿನೊಡನೆ ಕೇಳಿದರೆ ಕೆಲವೊಮ್ಮೆ ಉತ್ತರ ಬರುವುದಿಲ್ಲ. ಎರಡರಲ್ಲೂ ಇರುವುದು ಒಂದು ಮತ್ತು ಏಳು ತಾನೇ? ಹತ್ತು ಕಡ್ಡಿಗಳನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿ ಒಂದು ಕಟ್ಟು ಮಾಡುವ ಮಗು ಇದನ್ನು ಕೈಯಿಂದ ಕಲಿಯುತ್ತದೆ. 17 ಎಂದರೆ ಒಂದು ಕಟ್ಟು ಮತ್ತು ಏಳು ಬಿಡಿ ಕಡ್ಡಿ. 71 ಎಂದರೆ ಏಳು ಕಟ್ಟು ಮತ್ತು ಒಂದು ಬಿಡಿ. ಕೈಯಲ್ಲಿ ಹಿಡಿದು ನೋಡಿದ ಬಳಿಕ ಅದನ್ನು ಯಾರೂ ಬಾಯಿಪಾಠ ಮಾಡಿಸಬೇಕಾಗಿಲ್ಲ. ಮುಂದೆ ದಶಕ ತಂದು ಕಳೆಯುವ ಲೆಕ್ಕ ಬಂದಾಗ, ಕಟ್ಟನ್ನು ಬಿಚ್ಚಿದ ಈ ಅನುಭವವೇ ನೆರವಿಗೆ ಬರುತ್ತದೆ.

ಇಲ್ಲಿ ನಮ್ಮ ಮನೆಗಳಿಗೆ ನೇರವಾಗಿ ಸಂಬಂಧಿಸಿದ ಒಂದು ವಿಷಯವಿದೆ. ಇಲ್ಲಿರುವ ಕುಟುಂಬಗಳಲ್ಲಿ ಹಲವರ ಮನೆಮಾತು ಉರ್ದು ಅಥವಾ ದಖನಿ, ಕೆಲವರದು ಬ್ಯಾರಿ, ಇನ್ನು ಕೆಲವರದು ನವಾಯತಿ. ಮಗು ಶಾಲೆಯಲ್ಲಿ ಎದುರಿಸುವುದು ಕನ್ನಡವನ್ನು ಅಥವಾ ಇಂಗ್ಲಿಷನ್ನು. ಅಂದರೆ ನಮ್ಮ ಮಗು ಅಕ್ಷರವನ್ನು ಮಾತ್ರವಲ್ಲ, ಆ ಅಕ್ಷರದ ಹಿಂದಿರುವ ಭಾಷೆಯನ್ನೂ ಜೊತೆಗೇ ಕಲಿಯುತ್ತಿದೆ. ಉರ್ದುವಿನಲ್ಲಿ ಳ ಎಂಬ ಧ್ವನಿಯಿಲ್ಲ. ಆದ್ದರಿಂದ 'ಹುಲಿ'ಗೂ 'ಹುಳಿ'ಗೂ ಇರುವ ವ್ಯತ್ಯಾಸ ಉರ್ದು ಮನೆಯ ಮಗುವಿನ ಕಿವಿಗೆ ಸುಲಭವಾಗಿ ಬೀಳುವುದಿಲ್ಲ. ಕನ್ನಡದಲ್ಲಿ 'ಇಪ್ಪತ್ತೊಂಬತ್ತು' ಎಂದಾಗ ಇಪ್ಪತ್ತು ಮೊದಲು, ಒಂಬತ್ತು ಅನಂತರ. ಅಂಕಿಗಳೂ ಅದೇ ಕ್ರಮದಲ್ಲಿವೆ. ಉರ್ದುವಿನಲ್ಲಿ ಅದು 'ಉನ್‌ತೀಸ್'. ಅದರೊಳಗೆ ಕೇಳಿಸುವುದು ಮೂವತ್ತಕ್ಕಿರುವ 'ತೀಸ್' ಎಂಬ ಪದ. ಮನೆಯಲ್ಲಿ ಉನ್‌ತೀಸ್ ಎನ್ನುವ ಮಗು 29ನ್ನು ಬರೆಯುವಾಗ ಗೊಂದಲಕ್ಕೀಡಾದರೆ ಅದರಲ್ಲಿ ಆಶ್ಚರ್ಯವಿದೆಯೇ? ಬೆಳಗ್ಗೆ ಮದ್ರಸದಲ್ಲಿ ಬಲದಿಂದ ಎಡಕ್ಕೆ ಓದಿದ ಮಗು ಹತ್ತು ಗಂಟೆಗೆ ಶಾಲೆಯಲ್ಲಿ ಎಡದಿಂದ ಬಲಕ್ಕೆ ಓದುತ್ತದೆ. ಈ ಪ್ರಾಯದಲ್ಲಿ ಅಕ್ಷರಗಳನ್ನು ತಿರುಗುಮುರುಗಾಗಿ ಬರೆಯುವುದು ಎಲ್ಲ ಸಮುದಾಯದ ಮಕ್ಕಳಲ್ಲೂ ಸಾಮಾನ್ಯ. ಅದಕ್ಕೆ ದಡ್ಡತನವೆಂದು ಹೆಸರಿಡುವುದು ಅನ್ಯಾಯ.

ಹಾಗಾದರೆ ಪರಿಹಾರವೇನು? ಮನೆಮಾತನ್ನು ಬಿಟ್ಟು ಮಗುವಿನೊಡನೆ ಹರಕು ಇಂಗ್ಲಿಷಿನಲ್ಲಿ ಮಾತಾಡುವುದು ಪರಿಹಾರವಲ್ಲ. ಅಜ್ಜಿಯ ಕಥೆಯನ್ನು ಮನೆಮಾತಿನಲ್ಲಿ ಕೇಳಿ ಬೆಳೆದ ಮಗುವಿಗೆ ಕಥೆಯೆಂದರೇನು, ಮೊದಲೇನಾಯಿತು, ಅನಂತರ ಏನಾಯಿತು, ಯಾಕಾಯಿತು ಎಂಬ ಅರಿವಿರುತ್ತದೆ. ಆ ಅರಿವು ಯಾವ ಭಾಷೆಯ ಓದಿಗೂ ಬಂಡವಾಳ. ತರಗತಿಯಲ್ಲಿ ನಡೆಯುವ ಹಾಡು, ಅಭಿನಯ, ಚಿತ್ರ ನೋಡಿ ಮಾತಾಡುವ ಚಟುವಟಿಕೆಗಳು ಅತ್ಯಂತ ಅಗತ್ಯವಿರುವುದು ಇಂತಹ ಮಕ್ಕಳಿಗೇ. ಕನ್ನಡ ಮನೆಯ ಮಗು ಐದು ವರ್ಷಗಳಲ್ಲಿ ಅಂಗಳದಲ್ಲಿ ಗಳಿಸಿದ ಪದಗಳನ್ನು ನಮ್ಮ ಮಗು ಆ ಹಾಡುಗಳಲ್ಲಿ, ಆಟಗಳಲ್ಲಿ ಗಳಿಸಬೇಕಾಗಿದೆ. ಅದನ್ನು ನಿಲ್ಲಿಸಿ ಬರೆಸಿರೆಂದು ಶಿಕ್ಷಕಿಯ ಮೇಲೆ ಒತ್ತಡ ಹೇರುವ ಹೆತ್ತವರು ಮಗುವಿನ ಬಾಗಿಲನ್ನು ತಾವೇ ಮುಚ್ಚಿದಂತಾಗುತ್ತದೆ.

ಚಟುವಟಿಕೆಯ ಮೂಲಕ ಕಲಿಯುವುದು ವಿದೇಶದಿಂದ ಬಂದ ಹೊಸ ಶೋಕಿಯೆಂದು ಭಾವಿಸಿದವರಿದ್ದಾರೆ. ವಕೀಲಿ ವೃತ್ತಿಯನ್ನು ಬಿಟ್ಟ ಗಿಜುಭಾಯಿ ಬಧೇಕಾರವರು ಗುಜರಾತಿನ ಭಾವನಗರದಲ್ಲಿ ಬಾಲಮಂದಿರವನ್ನು ಆರಂಭಿಸಿದ್ದು 1920ರಲ್ಲಿ. 1937ರ ಅಕ್ಟೋಬರ್‌ನಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ನಡೆದ ಶಿಕ್ಷಣ ಸಮ್ಮೇಳನವು ಪಠ್ಯಕ್ರಮವನ್ನು ರೂಪಿಸಲು ಸಮಿತಿಯೊಂದನ್ನು ನೇಮಿಸಿತು. ಕೈಕೆಲಸದ ಮೂಲಕ, ಮಾತೃಭಾಷೆಯಲ್ಲಿ ಕಲಿಸುವುದು ಅದರ ತಿರುಳಾಗಿತ್ತು. ಆ ಸಮಿತಿಯ ಅಧ್ಯಕ್ಷರು ಯಾರು? ಅಂದು ಜಾಮಿಯಾ ಮಿಲ್ಲಿಯಾದ ಹೊಣೆ ಹೊತ್ತಿದ್ದ, ಮುಂದೆ 1967ರಲ್ಲಿ ದೇಶದ ರಾಷ್ಟ್ರಪತಿಯಾದ ಡಾ. ಝಾಕಿರ್ ಹುಸೈನ್. ಮಕ್ಕಳಿಗಾಗಿ ಉರ್ದುವಿನಲ್ಲಿ ಕಥೆಗಳನ್ನೂ ಬರೆದ ಆ ವಿದ್ವಾಂಸರು ಚಟುವಟಿಕೆಯನ್ನು ಪಾಠದ ನಡುವಿನ ಬಿಡುವೆಂದು ಕಂಡವರಲ್ಲ.

ಇಂದು ಅದು ಕಾನೂನೂ ಆಗಿದೆ. 2010ರ ಎಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಸೆಕ್ಷನ್, ಚಟುವಟಿಕೆ ಹಾಗೂ ಅನ್ವೇಷಣೆಯ ಮೂಲಕ ಮಗುಸ್ನೇಹಿಯಾದ ಕಲಿಕೆ ನಡೆಯಬೇಕೆನ್ನುತ್ತದೆ. ಸಾಧ್ಯವಿರುವಷ್ಟರ ಮಟ್ಟಿಗೆ ಮಾತೃಭಾಷೆಯಲ್ಲಿ ಕಲಿಸಬೇಕು, ಮಗು ಭಯ ಮತ್ತು ಆತಂಕಗಳಿಂದ ಮುಕ್ತವಾಗಿರಬೇಕು ಎಂದೂ ಹೇಳುತ್ತದೆ. 17ನೆಯ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಹೀಗಿದ್ದೂ 'ಚೆನ್ನಾಗಿ ಹೊಡೆದು ಕಲಿಸಿರಿ, ನಮ್ಮದೇನೂ ಅಭ್ಯಂತರವಿಲ್ಲ' ಎಂದು ಶಾಲೆಗೆ ಬಂದು ಹೇಳುವ ತಂದೆಯಂದಿರು ಇಂದಿಗೂ ಇದ್ದಾರೆ. ಕಾನೂನು ಕೊಟ್ಟ ರಕ್ಷಣೆಯನ್ನು ಮಗುವಿನಿಂದ ಕಿತ್ತುಕೊಳ್ಳುವ ಅಧಿಕಾರ ತಂದೆಗೂ ಇಲ್ಲ.

ಹಾಗಂತ, ಆಟವಾಡಿಸುವ ತರಗತಿಯಲ್ಲೆಲ್ಲ ಕಲಿಕೆ ನಡೆಯುತ್ತದೆಂದು ಕಣ್ಮುಚ್ಚಿ ನಂಬಬೇಕೆಂದು ನಾವು ಹೇಳುತ್ತಿಲ್ಲ. ಕಾರ್ಡುಗಳು ಹರಿದು ಕಾಣೆಯಾದ ತರಗತಿಗಳಿವೆ. ಒಬ್ಬರೇ ಶಿಕ್ಷಕಿ ಮೂರು ತರಗತಿಗಳನ್ನೂ ದಾಖಲೆ ಪುಸ್ತಕಗಳನ್ನೂ ನಿಭಾಯಿಸಬೇಕಾದಾಗ ಏಣಿಯು ಗೋಡೆಯ ಅಲಂಕಾರವಾಗಿ ಉಳಿಯುತ್ತದೆ. ಮಕ್ಕಳು ಗುಂಪಿನಲ್ಲಿ ಸುಮ್ಮನೆ ತಮ್ಮ ಸರದಿಗಾಗಿ ಕಾಯುತ್ತಿದ್ದರೆ ಅದಕ್ಕೆ ನಲಿ-ಕಲಿಯೆಂದು ಹೆಸರಿಟ್ಟು ಪ್ರಯೋಜನವಿಲ್ಲ. ಫಲಿತಾಂಶವೂ ನೆಮ್ಮದಿ ತರುವಂತಿಲ್ಲ. ಅಸರ್ ಎಂಬ ಸಮೀಕ್ಷೆಯು ದೇಶದ ಗ್ರಾಮೀಣ ಭಾಗದ ಮನೆಮನೆಗೆ ತೆರಳಿ ಮಕ್ಕಳ ಓದನ್ನು ಪರೀಕ್ಷಿಸುತ್ತದೆ. ಅದರ ಪ್ರಕಾರ, ಸರಕಾರಿ ಶಾಲೆಗಳ ಮೂರನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಮಟ್ಟದ ಪಾಠವನ್ನು ಓದಬಲ್ಲವರು 2018ರಲ್ಲಿ ಶೇ. 20.9 ಇದ್ದರು. ಕೊರೋನಾದ ದೀರ್ಘ ಮುಚ್ಚುಗಡೆಯ ಬಳಿಕ, 2022ರಲ್ಲಿ ಅದು ಶೇ. 16.3ಕ್ಕೆ ಕುಸಿಯಿತು. 2024ರಲ್ಲಿ ಶೇ. 23.4ಕ್ಕೆ ಏರಿತು. ಏರಿಕೆ ಸಂತೋಷದ ವಿಷಯವೇ. ಆದರೆ ನಾಲ್ವರಲ್ಲಿ ಮೂವರು ಇನ್ನೂ ಓದುತ್ತಿಲ್ಲ ಎಂಬುದು ಇದರ ಅರ್ಥವಲ್ಲವೇ? 2021ರ ಜುಲೈಯಲ್ಲಿ ಕೇಂದ್ರ ಸರಕಾರ ಆರಂಭಿಸಿದ ನಿಪುಣ್ ಭಾರತ್ ಯೋಜನೆಯು, ಮೂರನೆಯ ತರಗತಿ ಮುಗಿಸುವ ಪ್ರತಿಯೊಂದು ಮಗುವೂ ಅರ್ಥ ಮಾಡಿಕೊಂಡು ಓದುವಂತಾಗಲು 2026-27ರ ಗಡುವನ್ನು ಇಟ್ಟುಕೊಂಡಿತು. ಸರಕಾರವೂ ಮೂರನೆಯ ತರಗತಿಯನ್ನೇ ಗಡಿಯಾಗಿ ಗುರುತಿಸಿರುವುದು ವಿಚಾರಾರ್ಹ.

ಮೂರನೆಯ ತರಗತಿ ಏಕೆ? ಅಲ್ಲಿಯವರೆಗೆ ಮಗು ಓದಲು ಕಲಿಯುತ್ತದೆ. ಅನಂತರ ಓದಿ ಕಲಿಯುತ್ತದೆ. ನಾಲ್ಕನೆಯದರಲ್ಲಿ ಪರಿಸರ ಅಧ್ಯಯನ, ಮುಂದೆ ವಿಜ್ಞಾನ, ಸಮಾಜ, ಎಲ್ಲವೂ ಪುಸ್ತಕದಿಂದಲೇ ಬರುತ್ತವೆ. ಓದಲು ಬಾರದ ಮಗುವಿಗೆ ಅವೆಲ್ಲ ಮುಚ್ಚಿದ ಪೆಟ್ಟಿಗೆಗಳು. ಅದು ಶಾಲೆಗೆ ಹೋಗುತ್ತಿರುತ್ತದೆ, ತೇರ್ಗಡೆಯೂ ಆಗುತ್ತಿರುತ್ತದೆ, ಆದರೆ ಒಳಗಿಂದ ಶಾಲೆಯನ್ನು ಎಂದೋ ಬಿಟ್ಟಿರುತ್ತದೆ. ಏಳನೆಯದರಲ್ಲೋ ಒಂಬತ್ತನೆಯದರಲ್ಲೋ ಗ್ಯಾರೇಜಿಗೆ ಸೇರಿದಾಗ 'ಹುಡುಗನಿಗೆ ಓದಿನಲ್ಲಿ ಆಸಕ್ತಿಯಿಲ್ಲ' ಎನ್ನಲಾಗುತ್ತದೆ. 2006ರ ನವೆಂಬರ್‌ನಲ್ಲಿ ಸಲ್ಲಿಕೆಯಾದ ಸಾಚಾರ್ ಸಮಿತಿಯ ವರದಿಯು, 6ರಿಂದ 14 ವರ್ಷದೊಳಗಿನ ಮುಸ್ಲಿಮ್ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಒಂದೋ ಶಾಲೆಯ ಮೆಟ್ಟಿಲು ಹತ್ತಿಲ್ಲ, ಇಲ್ಲವೇ ಅರ್ಧದಲ್ಲಿ ಬಿಟ್ಟಿದ್ದಾರೆ ಎಂದಿತ್ತು. ಬಡತನ ಅದಕ್ಕೆ ದೊಡ್ಡ ಕಾರಣ, ನಿಜ. ಆದರೆ ಅರ್ಧದಲ್ಲಿ ಬಿಡುವ ಆ ದಾರಿ ಹಲವರ ಪಾಲಿಗೆ ಓದು ಕೈಗೂಡದ ಮೊದಲ ಮೂರು ವರ್ಷಗಳಲ್ಲೇ ತೆರೆದಿರುತ್ತದೆ.

ಆದ್ದರಿಂದ ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟು. 'ಏನು ಬರೆಸಿದರು?' ಎಂಬ ಪ್ರಶ್ನೆಯ ಬದಲು 'ಇವತ್ತು ಏನು ಮಾಡಿದೆ, ನನಗೂ ತೋರಿಸು' ಎನ್ನಿರಿ. ತೋರಿಸುವಾಗ ಮಗು ಅದನ್ನು ಎರಡನೆಯ ಬಾರಿ ಕಲಿಯುತ್ತದೆ. ಅಕ್ಷರ ಬಾರದ ತಾಯಿಯೂ ಇದನ್ನು ಮಾಡಬಲ್ಲಳು. ಅಕ್ಕಿ ಆರಿಸುವಾಗ, ಬಟ್ಟೆ ಮಡಚುವಾಗ, ಅಂಗಡಿಯಲ್ಲಿ ಚಿಲ್ಲರೆ ಪಡೆಯುವಾಗ ಮಗುವಿನಿಂದ ಎಣಿಸಿರಿ. ದಾರಿಯ ಫಲಕಗಳನ್ನು ಓದಿಸಿರಿ. ಮಲಗುವ ಮುಂಚೆ ಹತ್ತು ನಿಮಿಷ ಮೊಬೈಲನ್ನು ಬದಿಗಿಟ್ಟು ಒಂದು ಕಥೆ ಹೇಳಿರಿ, ಯಾವ ಭಾಷೆಯಲ್ಲಾದರೂ ಸರಿ. ತಿಂಗಳಿಗೊಮ್ಮೆ, ಮಗು ಹಿಂದೆ ನೋಡಿರದ ನಾಲ್ಕು ಸಾಲನ್ನು ಓದಿಸಿ, ಅದರಲ್ಲೇನಿದೆಯೆಂದು ಕೇಳಿರಿ. ಓದಲಾಗದಿದ್ದರೆ ಗದರಬೇಡಿರಿ, ಮರುದಿನವೇ ಶಿಕ್ಷಕಿಯನ್ನು ಭೇಟಿಯಾಗಿ ಮಗು ಯಾವ ಮೆಟ್ಟಿಲಲ್ಲಿದೆಯೆಂದು ವಿಚಾರಿಸಿರಿ.

ಶಾಲೆಯ ಆಯ್ಕೆಯೂ ಹೀಗೆಯೇ ಆಗಲಿ. ಕಟ್ಟಡವನ್ನೂ ಟೈಯನ್ನೂ ಶುಲ್ಕವನ್ನೂ ನೋಡುವ ಮುಂಚೆ ಒಂದನೆಯ ತರಗತಿಯ ಬಾಗಿಲಲ್ಲಿ ಐದು ನಿಮಿಷ ನಿಲ್ಲಿರಿ. ಮಕ್ಕಳು ಮಾತಾಡುತ್ತಿದ್ದಾರೆಯೇ, ಪ್ರಶ್ನೆ ಕೇಳುತ್ತಿದ್ದಾರೆಯೇ, ಅವರ ಕೈಗೆಟಕುವಲ್ಲಿ ಪುಸ್ತಕಗಳಿವೆಯೇ ಎಂದು ಗಮನಿಸಿರಿ. ಇಂಗ್ಲಿಷ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅರ್ಥ ತಿಳಿಯದೆ ಒಪ್ಪಿಸಿದ ಇಂಗ್ಲಿಷ್ ಪದ್ಯದಿಂದ ಮಗುವಿಗೆ ಇಂಗ್ಲಿಷ್ ಬರುವುದಿಲ್ಲ.

ಕೊನೆಯದಾಗಿ, ಸರಕಾರಿ ಶಾಲೆಗೆ ಮಕ್ಕಳನ್ನು ಕಳುಹಿಸುವವರು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯನ್ನು ಮರೆಯಬಾರದು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯ ಸದಸ್ಯರಲ್ಲಿ ಕನಿಷ್ಠ ಮುಕ್ಕಾಲು ಪಾಲು ಹೆತ್ತವರು ಅಥವಾ ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ನಮ್ಮ ತಾಯಂದಿರು ಆ ಕುರ್ಚಿಗಳಲ್ಲಿ ಕೂರಬೇಕು. ಬಿಸಿಯೂಟ ಮತ್ತು ಶೌಚಾಲಯದ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಅಲ್ಲಿ ಎತ್ತಬೇಕು: ಕಲಿಕಾ ಕಾರ್ಡುಗಳು ಪೂರ್ತಿಯಿವೆಯೇ, ಶಿಕ್ಷಕರು ಸಾಕಷ್ಟಿದ್ದಾರೆಯೇ, ಮೂರನೆಯ ತರಗತಿಯ ಎಷ್ಟು ಮಕ್ಕಳು ಸ್ವಂತವಾಗಿ ಓದುತ್ತಾರೆ?

ಈ ಪ್ರಶ್ನೆಯನ್ನು ಎಸೆಸೆಲ್ಸಿ ಫಲಿತಾಂಶದ ದಿನ ಕೇಳಿ ಪ್ರಯೋಜನವಿಲ್ಲ. ಕೇಳಬೇಕಾದ ಸಮಯ, ಮಗು ಹುಣಸೆಬೀಜಗಳನ್ನು ನೆಲದಲ್ಲಿ ಹರಡಿಕೊಂಡು ಕೂತಿರುವ ಈ ಮೂರು ವರ್ಷಗಳು.